ಗ್ಯಾಲರಿಯಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ಚಿತ್ರ ಯಾವುದು?

ಬಿಳಿಗೋಡೆ:
ಪುಸ್ತಕದಲ್ಲಿ, ಫೋನಿನಲ್ಲಿ ಎಷ್ಟೋ ಸಲ ನೋಡಿದ ಚಿತ್ರ ಎದುರಿಗೆ ಸಿಕ್ಕಾಗ ಬೇರೆಯೇ ಅನ್ನಿಸುತ್ತದೆ ಅಲ್ವಾ? ಅಂಥದ್ದೊಂದು ಹೇಳಿ. ಸುಮ್ನೆ ಹೆಸರು ಬರೆದು ಹೋಗಬೇಡಿ, ಏನು ಕಂಡಿತು ಅಂತಲೂ ಬರೆಯಿರಿ.

ನನ್ನದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆರ್ನೊಲ್ಫಿನಿ ದಂಪತಿಯ ಚಿತ್ರ. ಯಾನ್ ವಾನ್ ಐಕ್ 1434ರಲ್ಲಿ ಬರೆದದ್ದು. ಎತ್ತರ ಹೆಚ್ಚುಕಡಿಮೆ 82 ಸೆಂಟಿಮೀಟರ್, ಅಷ್ಟೇ. ಹಿಂದಿನ ಗೋಡೆಯಲ್ಲಿ ಒಂದು ಉಬ್ಬುಗನ್ನಡಿ ಇದೆ. ಅದರೊಳಗೆ ಆ ಇಬ್ಬರ ಬೆನ್ನು, ಅದರಾಚೆ ಬಾಗಿಲಲ್ಲಿ ನಿಂತ ಇನ್ನಿಬ್ಬರು. ಕನ್ನಡಿಯ ಚೌಕಟ್ಟಿನ ಸುತ್ತ ಪುಟ್ಟ ಬಿಲ್ಲೆಗಳು, ಒಂದೊಂದರಲ್ಲೂ ಏಸುವಿನ ಕಡೆಯ ದಿನಗಳ ಒಂದೊಂದು ದೃಶ್ಯ. ಫೋಟೊದಲ್ಲಿ ಅವೆಲ್ಲ ಬರೀ ಚುಕ್ಕೆಗಳು.

ಕುಂಚಪ್ರಿಯೆ:
ಕನ್ನಡಿ ಅಂದಿರಲ್ಲ, ನನ್ನದೂ ಕನ್ನಡಿ ಇರುವ ಚಿತ್ರವೇ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿರುವ, ವೆಲಾಸ್ಕೆಸ್ ಬರೆದ 'ಲಾಸ್ ಮೆನಿನಾಸ್', 1656ರದ್ದು. ಮೂರು ಮೀಟರಿಗಿಂತ ಎತ್ತರ, ಹಾಗಾಗಿ ಎದುರು ನಿಂತರೆ ಆ ಕೋಣೆಯೊಳಗೆ ನಾವೂ ಕಾಲಿಟ್ಟ ಹಾಗಿರುತ್ತದೆ. ಹಿಂದಿನ ಕನ್ನಡಿಯಲ್ಲಿ ರಾಜ, ರಾಣಿ ಮಸುಕಾಗಿ ಕಾಣುತ್ತಾರೆ. ದೂರದಿಂದ ರಾಜಕುಮಾರಿಯ ಉಡುಪು ಥಳಥಳ ರೇಷ್ಮೆ. ಹತ್ತಿರ ಹೋದರೆ ರೇಷ್ಮೆಯೇ ಇಲ್ಲ, ಅವಸರದಲ್ಲಿ ಎಳೆದ ಹಾಗಿರುವ ಬಿಳಿ, ಬೂದು, ಕೆಂಪು ಗೀಟುಗಳು. ಹಿಂದೆ ಸರಿದೆ, ಮತ್ತೆ ರೇಷ್ಮೆ! ಹೀಗೇ ಮುಂದೆ ಹಿಂದೆ ಓಡಾಡುತ್ತಲೇ ಇದ್ದೆ.

ಅಂದಹಾಗೆ, ನಿಮ್ಮ ವಾನ್ ಐಕ್ ಚಿತ್ರ ಆಗ ಸ್ಪೇನ್ ಅರಮನೆಯ ಸಂಗ್ರಹದಲ್ಲೇ ಇತ್ತು. ಆಸ್ಥಾನದ ಚಿತ್ರಕಾರನಾಗಿದ್ದ ವೆಲಾಸ್ಕೆಸ್ ಅದನ್ನು ನೋಡಿರಲೇಬೇಕು ಅಂತ ನನ್ನ ನಂಬಿಕೆ.

ಮಳೆಬಿಲ್ಲು:
ಅಮೃತಾ ಶೇರ್‌ಗಿಲ್ ಅವರ 'ಮೂವರು ಹುಡುಗಿಯರು', 1935. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿದೆ. ಪ್ಯಾರಿಸ್‌ನಲ್ಲಿ ಓದಿ ಭಾರತಕ್ಕೆ ಮರಳಿದ ಮೇಲೆ ಬರೆದದ್ದು. ಮೂವರೂ ಒತ್ತಾಗಿ ಕೂತಿದ್ದಾರೆ, ಆದರೆ ಒಬ್ಬಳೂ ಇನ್ನೊಬ್ಬಳ ಮುಖ ನೋಡುತ್ತಿಲ್ಲ. ನಮ್ಮನ್ನಂತೂ ಇಲ್ಲವೇ ಇಲ್ಲ. ಮಾತು ನಿಂತುಹೋದ ಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ನೀಲಿಶಾಯಿ:
ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಮೋನಾಲಿಸಾ ನೋಡಿ ಬೇಜಾರಾಯಿತು. ಗಾಜಿನ ಹಿಂದೆ 77 ಸೆಂಟಿಮೀಟರಿನ ಹಲಗೆ, ಮುಂದೆ ಎತ್ತಿ ಹಿಡಿದ ಫೋನುಗಳು. ಬೇರೆಯವರಿಗೂ ಹೀಗೇ ಆಗಿದೆಯಾ?

ದೊಡ್ಡಕ್ಯಾನ್ವಾಸ್:
ನೀಲಿಶಾಯಿ ಅವರೇ, ಮುಂದಿನ ಸಲ ಅದೇ ಕೋಣೆಯಲ್ಲಿ ಹಿಂದಕ್ಕೆ ತಿರುಗಿ. ಎದುರು ಗೋಡೆಯಲ್ಲಿ ವೆರೊನೀಸೆ ಬರೆದ 'ಕಾನಾ ಊರಿನ ಮದುವೆ' ಇದೆ, 1563ರದ್ದು. ಹತ್ತಿರ ಹತ್ತಿರ ಏಳು ಮೀಟರ್ ಎತ್ತರ, ಹತ್ತು ಮೀಟರ್ ಅಗಲ, ಲೂವ್ರ್‌ನಲ್ಲೇ ಅತಿ ದೊಡ್ಡ ಚಿತ್ರ. ಜಾಸ್ತಿ ಜನ ಅದಕ್ಕೆ ಬೆನ್ನು ಹಾಕಿಯೇ ನಿಂತಿರುತ್ತಾರೆ, ನನಗೆ ನಿಜಕ್ಕೂ ಸಂಕಟವಾಗುತ್ತದೆ. ವೆನಿಸ್‌ನ ಒಂದು ಮಠದ ಊಟದ ಮನೆಗೆಂದು ಬರೆದದ್ದು, 1797ರಲ್ಲಿ ನೆಪೋಲಿಯನ್ನನ ಸೈನ್ಯ ಕಿತ್ತುಕೊಂಡು ಹೋಯಿತು.

ನೂರಕ್ಕೂ ಹೆಚ್ಚು ಜನರ ಮದುವೆ ಊಟ ಅದು. ಒಂದೇ ಸಲಕ್ಕೆ ಎಲ್ಲವನ್ನೂ ನೋಡೋಕೆ ಹೋಗಬೇಡಿ, ಒಂದು ತುದಿಯಿಂದ ನಿಧಾನವಾಗಿ ಬನ್ನಿ. ನಡುವೆ ಏಸು ಸುಮ್ಮನೆ ಕೂತಿದ್ದಾನೆ, ಅವನ ಮುಂದೆಯೇ ವಾದ್ಯದವರು ನುಡಿಸುತ್ತಿದ್ದಾರೆ. ಎಡಗಡೆ ಪಂಕ್ತಿಯಲ್ಲಿ ಒಬ್ಬ ಹೆಂಗಸು ಕಡ್ಡಿಯಿಂದ ಹಲ್ಲು ಸಂದಿ ಕೆದಕುತ್ತಿದ್ದಾಳೆ. ನಾಯಿಗಳಿವೆ, ಒಂದು ಬೆಕ್ಕೂ ಇದೆ. ಏಸು ನೀರನ್ನು ದ್ರಾಕ್ಷಾರಸ ಮಾಡಿದ ಪವಾಡ ಇದೆಲ್ಲದರ ನಡುವೆ ನಡೆದುಹೋಗುತ್ತಿದೆ, ಊಟಕ್ಕೆ ಕೂತ ಎಷ್ಟೋ ಜನಕ್ಕೆ ಅದು ಗೊತ್ತೇ ಆಗಿಲ್ಲ. ಅದಕ್ಕೇ ನನಗಿದು ಇಷ್ಟ.

ನೀಲಿಶಾಯಿ:
ಅಯ್ಯೋ, ಅದೇ ಕೋಣೆಯಲ್ಲಾ! ಈಗಲೇ ದೊಡ್ಡ ಫೋಟೊ ತೆಗೆದು ನೋಡುತ್ತಿದ್ದೇನೆ. ಹಲ್ಲು ಕೆದಕುವವಳು ಸಿಕ್ಕಳು, ಬೆಕ್ಕು ಎಲ್ಲಿದೆ?

ದೊಡ್ಡಕ್ಯಾನ್ವಾಸ್:
ಬಲಗಡೆ ಕೆಳಗೆ, ಕಲ್ಲಿನ ಬಾನಿ ಹತ್ತಿರ. ಮಲಗಿಕೊಂಡು ಅದನ್ನೇ ಪರಚುತ್ತಿದೆ ನೋಡಿ.