ಹೊಕ್ಕುಳ ಕ್ಯಾತಿಟರ್ ತೆಗೆದ ಮೇಲೆ ರಕ್ತ ಹೆಪ್ಪುಗಟ್ಟಿದೆ, ಅನುಭವ ಇದ್ದವರು ತಿಳಿಸಿ

ಶ್ರೀರಂಗಪಟ್ಟಣದ ಸೋದರಮಾವ: ತಂಗಿಯ ಮಗು ಏಳು ತಿಂಗಳಿಗೇ ಹುಟ್ಟಿ ಮೈಸೂರಿನಲ್ಲಿ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದೆ. ಹೊಕ್ಕುಳ ಸಿರೆಯೊಳಗೆ ಹಾಕಿದ್ದ ತೆಳು ಕೊಳವೆ (ಕ್ಯಾತಿಟರ್) ತೆಗೆದ ಮೇಲೆ, ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ಸಿರೆಯಲ್ಲಿ ಹೆಪ್ಪು ಕಂಡಿದೆ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಕೊಡುವುದೋ, ಕಾಯುವುದೋ?

ಮದ್ದೂರಿನ ತಾಯಿ: ನಾವು ಕೊಡಿಸಿದೆವು. ಎನಾಕ್ಸಪರಿನ್, ಬೆಳಿಗ್ಗೆ ಒಂದು, ರಾತ್ರಿ ಒಂದು, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪವಿದ್ದ ತೊಡೆಗೆ. ಸಿರಿಂಜಿನಲ್ಲಿ 40 ಮಿ.ಗ್ರಾಂ, ಮಗುವಿಗೆ ಬೇಕಾದದ್ದು 3. ಉಳಿದದ್ದನ್ನು ಚೆಲ್ಲಿದರು, ಬಿಲ್ಲು ಮಾತ್ರ ಪೂರ್ತಿ. ಔಷಧದ ಮಟ್ಟ ನೋಡುವ ರಕ್ತಪರೀಕ್ಷೆಗೆ ಬೆಂಗಳೂರಿಗೆ ಕಳುಹಿಸಿದರು, ಅದರ ದುಡ್ಡು ಬೇರೆ. ಮಾಂಗಲ್ಯದ ಸರ ಇನ್ನೂ ಅಡವಿನಲ್ಲಿದೆ. ಆದರೆ ಹೆಪ್ಪು ಕರಗಿತು.

ಮಳವಳ್ಳಿಯ ತಂದೆ: ಅಕ್ಕಾ, ಕರಗಿದ್ದು ಇಂಜೆಕ್ಷನ್‌ನಿಂದಲೇ ಎಂದು ಹೇಗೆ ಹೇಳುತ್ತೀರಿ? ನಮ್ಮ ಮಗನಿಗೂ ಹೀಗೇ ಹೆಪ್ಪಿತ್ತು, ಜೊತೆಗೆ ತಲೆಯ ಸ್ಕ್ಯಾನ್‌ನಲ್ಲಿ ಮಿದುಳಿನೊಳಗೆ ರಕ್ತಸ್ರಾವ ಕಂಡಿತ್ತು. ರಕ್ತ ತೆಳುವಾಗಿಸಿದರೆ ಅದು ಹೆಚ್ಚಬಹುದೆಂದು ಡಾಕ್ಟರ್ ಬೇಡವೆಂದರು. ನಾನು ಸಹಿ ಹಾಕಿ ಕಾದೆ. ಹೆಪ್ಪು ತಾನಾಗಿಯೇ ಹೋಯಿತು. ಮನೆಯವರೆಲ್ಲ ನನ್ನನ್ನು ಜಿಪುಣ ಎಂದರು.

ಹೆಬ್ಬಾಳದ ತಂದೆ: ನಮಗೆ ಹೆಪ್ಪಲ್ಲ, ಸೋರಿಕೆ. ಕ್ಯಾತಿಟರ್‌ನ ತುದಿ ಹೃದಯದ ಬಾಗಿಲಲ್ಲಿರಬೇಕು, ಎಕ್ಸ್‌ರೇಯಲ್ಲಿ ಎದೆಭಾಗದ 8–9ನೇ ಬೆನ್ನುಮೂಳೆ ಮಣಿಯ ಮಟ್ಟ. ನಮ್ಮದು ಯಕೃತ್ತಿನೊಳಗೆ ಹೊರಳಿತ್ತು. ಅದರಲ್ಲೇ ಪೋಷಕ ದ್ರವ ಹರಿಸಿದರು. ಹೊಟ್ಟೆ ಉಬ್ಬಿತು, ಹಿಮೋಗ್ಲೋಬಿನ್ ಕುಸಿಯಿತು. ಸೂಜಿ ಹಾಕಿ ತೆಗೆದ ನೀರು ಹಾಲಿನಂತೆ ಬೆಳ್ಳಗಿತ್ತು. ಎಕ್ಸ್‌ರೇ ಒಂದೇ ಸಲ ತೆಗೆದಿದ್ದರು! ಆ ಆಸ್ಪತ್ರೆಯನ್ನು ನಾನು ಕ್ಷಮಿಸುವುದಿಲ್ಲ.

ಕುವೆಂಪುನಗರದ ನರ್ಸ್: ಸರ್, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಒಂದು ಕಿಲೋ ಇಲ್ಲದ ಮಗುವಿಗೆ ಬೇರೆಲ್ಲಿ ಸಿರೆ ಹುಡುಕುವುದು? ಹೊಕ್ಕುಳಬಳ್ಳಿ ಒಣಗಿದಂತೆ, ಹೊಟ್ಟೆ ಉಬ್ಬಿದಂತೆ ತುದಿ ಸರಿಯುತ್ತದೆ. ಅದಕ್ಕೇ ಅಲ್ಟ್ರಾಸೌಂಡ್‌ನಲ್ಲಿ ಮತ್ತೆ ನೋಡುವುದು, ವಾರದೊಳಗೆ ತೆಗೆದು ಕೈಯ ಸಿರೆಯಿಂದ ಹೃದಯದ ಹತ್ತಿರದವರೆಗೆ ಹೋಗುವ ಉದ್ದನೆಯ ತೆಳು ಕೊಳವೆ (ಪಿಐಸಿಸಿ) ಹಾಕುವುದು. ಹೆಚ್ಚೆಂದರೆ 14 ದಿನ. ಮೀರಿದಷ್ಟೂ ಸೋಂಕು.

ಹೆಬ್ಬಾಳದ ತಂದೆ: "ಮತ್ತೆ ನೋಡುವುದು" ಎಂದಿರಲ್ಲ, ನಮ್ಮ ಮಗುವಿಗೆ ಯಾರು ನೋಡಿದರು? ನಿಮ್ಮವರನ್ನು ನೀವು ಬಿಟ್ಟುಕೊಡುವುದಿಲ್ಲ.

ಕುವೆಂಪುನಗರದ ನರ್ಸ್: ರಾತ್ರಿ ಪಾಳಿಯಲ್ಲಿ ಒಬ್ಬಳೇ ಎಷ್ಟು ಇನ್‌ಕ್ಯುಬೇಟರ್ ನೋಡಿಕೊಳ್ಳುತ್ತೇನೆಂದು ನಿಮಗೆ ಗೊತ್ತೇ? ನನ್ನನ್ನು ಗದರಿಸಬೇಡಿ.

ಮದ್ದೂರಿನ ತಾಯಿ: ಮಳವಳ್ಳಿಯವರೇ, ಹೆಪ್ಪು ಹೋಯಿತು ಎಂದಿರಿ. ಆಮೇಲೆ ಡಾಪ್ಲರ್ (ಸಿರೆಯಲ್ಲಿ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್) ಮಾಡಿಸಿದಿರಾ? ಸಿರೆ ಮುಚ್ಚಿಕೊಂಡರೆ ವರ್ಷಗಳ ಮೇಲೆ ಗುಲ್ಮ (ಹೊಟ್ಟೆಯ ಎಡಭಾಗದ ಸ್ಪ್ಲೀನ್) ದಪ್ಪವಾಗುತ್ತದೆ, ರಕ್ತವಾಂತಿಯೂ ಆಗಬಹುದು.

ಮಳವಳ್ಳಿಯ ತಂದೆ: ಮಗ ಓಡಾಡಿಕೊಂಡಿದ್ದಾನೆ. ಹೆದರಿಸಬೇಡಿ.

ಮದ್ದೂರಿನ ತಾಯಿ: ಹೆದರಿಸುತ್ತಿಲ್ಲ ಅಣ್ಣಾ, ಮಾಡಿಸಿದಿರೋ ಇಲ್ಲವೋ ಅಷ್ಟು ಹೇಳಿ.