ಅಪ್‌ಡೇಟ್: ಅಪ್ಪನ ಡ್ರೈನ್ ಪೈಪಿನಲ್ಲಿ ರಕ್ತ ಬಂದಿದ್ದು

ರಾಯಚೂರಿನಲ್ಲಿ ಅಪ್ಪನಿಗೆ ಜಠರದ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಡ್ರೈನ್ ಪೈಪಿನಲ್ಲಿ (ಹೊಟ್ಟೆಯೊಳಗಿನ ದ್ರವ ಹೊರಗೆ ಹರಿಯಲು ಇಟ್ಟ ಕೊಳವೆ) ಸ್ವಲ್ಪ ಕೆಂಪು ರಕ್ತ ಬಂದು ತಾನಾಗೇ ನಿಂತಿದೆ, ಕಾದು ನೋಡಬಹುದಾ ಅಂತ ಕೇಳಿದ್ದೆ. ಕಾಯಬೇಡಿ ಅಂದವರಿಗೆಲ್ಲ ಕೈ ಮುಗಿಯುತ್ತೇನೆ. ಅಂದು ರಾತ್ರಿಯೇ ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಮಾಡಿದರು. ಜಠರದ ಹಿಂದೆ ಇರುವ ಮೇದೋಜೀರಕ ಗ್ರಂಥಿಯ ರಸ ಸೋರಿ, ಪಕ್ಕದ ರಕ್ತನಾಳದ ಗೋಡೆಯನ್ನೇ ತಿಂದು, ಅಲ್ಲಿ ಗುಳ್ಳೆ ಥರ ಉಬ್ಬಿತ್ತು. ಸ್ಯೂಡೋಅನ್ಯೂರಿಸಂ ಅಂತಾರೆ. ಅಪರೂಪ, ಆದರೆ ಒಡೆದರೆ ಜೀವಕ್ಕೇ ಅಪಾಯ. ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಹೀಗೆ ಸ್ವಲ್ಪ ಬಂದು ನಿಲ್ಲುವುದು ಎಷ್ಟೋ ಸಲ ಇರುತ್ತದಂತೆ, ಇದನ್ನು ರೋಗಿಯ ಮನೆಯವರಿಗೆ ಮೊದಲೇ ಬಿಡಿಸಿ ಹೇಳಬೇಕು ಅಲ್ವಾ? ಹೊಟ್ಟೆ ಮತ್ತೆ ಕೊಯ್ಯಲಿಲ್ಲ. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಕಾಯಿಲ್ (ಲೋಹದ ತಂತಿಯ ಸಣ್ಣ ಸುರುಳಿ) ಇಟ್ಟು ಆ ಜಾಗ ಮುಚ್ಚಿದರು. ಅಪ್ಪ ಈಗ ವಾರ್ಡಿಗೆ ಬಂದಿದ್ದಾರೆ, ಗಂಜಿ ಕುಡಿಯುತ್ತಿದ್ದಾರೆ. ಡ್ರೈನ್ ಇನ್ನೂ ತೆಗೆದಿಲ್ಲ, ಅದರ ಬಣ್ಣ ನೋಡ್ತಾನೇ ಇದ್ದೇವೆ.