ಒಳಗೆ ನುಗ್ಗುವ ಗಾಳಿಗೆ ‘ಸೋರಿಕೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಹಳೆಯ ಡೀಸೆಲ್ ಲಾರಿಗಳ ದುರಸ್ತಿ ಕುರಿತು ಚಾಲಕರಿಗಾಗಿ ಒಂದು ಕಿರುಪುಸ್ತಿಕೆಯನ್ನು ತಿದ್ದುತ್ತಿದ್ದೇನೆ. ಇಂಧನದ ಪೈಪಿನಲ್ಲಾಗುವ ‘ಏರ್ ಲೀಕ್’ಗೆ ಕರಡಿನಲ್ಲಿ ಉದ್ದಕ್ಕೂ ‘ಗಾಳಿ ಸೋರಿಕೆ’ ಎಂದಿದೆ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಬಲ್ಲವರು ಏನೆನ್ನುತ್ತೀರಿ?

ನನ್ನ ತಕರಾರಿಗೆ ಕಾರಣ ವ್ಯಾಕರಣವಲ್ಲ, ಲಾರಿಯೇ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲನ್ನು ಪಂಪು ಹೀರಿಕೊಳ್ಳುತ್ತದೆ. ಅಲ್ಲಿ ರಬ್ಬರ್ ಪೈಪು ಬಿರುಕು ಬಿಟ್ಟರೆ ಅಥವಾ ಕ್ಲಿಪ್ಪು ಸಡಿಲವಾದರೆ, ಎಂಜಿನ್ ಓಡುತ್ತಿರುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಫೀಡ್ ಪಂಪು ದಾಟಿ ಫಿಲ್ಟರಿನ ಕಡೆಗೆ ಹೋದಂತೆ ಇದು ತಿರುವುಮುರುವು: ಅಲ್ಲಿ ಒತ್ತಡವಿರುವುದರಿಂದ ಡೀಸೆಲ್ ಜಿನುಗಿ ಹೊರಗಡೆ ಒದ್ದೆಯಾಗುತ್ತದೆ. ‘ಸೋರಿಕೆ’ ಎಂದು ಓದಿದ ಚಾಲಕ ಒದ್ದೆ ಜಾಗವನ್ನೇ ಹುಡುಕುತ್ತಾನೆ, ತೊಂದರೆ ಇರುವ ಕಡೆ ಅವನಿಗೆ ಎಲ್ಲವೂ ಒಣಗಿಯೇ ಕಾಣುತ್ತದೆ. ಇನ್ನೊಂದು ಎಡವಟ್ಟೂ ಇದೆ. ಏರ್ ಬ್ರೇಕ್ ಇರುವ ಲಾರಿಯವನಿಗೆ ‘ಗಾಳಿ ಸೋರಿಕೆ’ ಎಂದರೆ ಬ್ರೇಕಿನ ಪೈಪು ಬುಸುಗುಡುವುದೇ ಹೊರತು ಬೇರೇನೂ ಅಲ್ಲ.

ಮಳೆಗಾಲದಲ್ಲಿ ಮನೆ ಸೋರುವಾಗ ನೀರು ಒಳಗೇ ಬರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಅಲ್ಲಿ ಸೋರುವುದು ಕಣ್ಣಿಗೆ ಬೀಳುತ್ತದೆ, ನೆತ್ತಿಯ ಮೇಲೂ ಬೀಳುತ್ತದೆ. ಗಾಳಿಗೆ ಆ ಸೌಜನ್ಯವಿಲ್ಲ.

ಬೆಂಗಳೂರಿನ ಕಲಾಸಿಪಾಳ್ಯದ ಕಡೆಯ ಮೆಕ್ಯಾನಿಕ್‌ಗಳು ‘ಲೀಕ್’ ಪದವನ್ನು ಡೀಸೆಲ್‌ಗೆ ಮೀಸಲಿಟ್ಟಿದ್ದಾರೆ. ಗಾಳಿಯಾದರೆ ‘ಏರ್ ಎಳೆಯುತ್ತಿದೆ’ ಅಥವಾ ‘ಏರ್ ತೆಗೆದುಕೊಳ್ಳುತ್ತಿದೆ’. ತೆರೆದ ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಮೊದಲನೆಯದು ಹೊಸದಲ್ಲ. ಹೀರುವ ಪೈಪಿನಲ್ಲಿ ಸಣ್ಣ ತೂತಾದರೂ ‘ಪಂಪು ಗಾಳಿ ಎಳೆಯುತ್ತಿದೆ’ ಎನ್ನುತ್ತಾರೆ. ಎರಡನೆಯದರಲ್ಲಿ ಒಂದು ಸ್ವಾರಸ್ಯವಿದೆ. ಪೈಪಿನೊಳಗೆ ಸೇರಿದ ಗಾಳಿಯನ್ನು, ಫೀಡ್ ಪಂಪಿನ ಮೇಲಿರುವ ಹ್ಯಾಂಡ್ ಪಂಪ್ ಒತ್ತಿ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೂ ಹೊರಗೆ ಹಾಕುವುದಕ್ಕೆ ‘ಏರ್ ತೆಗೆಯುವುದು’ ಎನ್ನುತ್ತಾರೆ. ‘ಏರ್ ತೆಗೆ’ ಎಂದರೆ ಚಿಕಿತ್ಸೆ, ‘ಏರ್ ತೆಗೆದುಕೊ’ ಎಂದರೆ ಕಾಯಿಲೆ! ಗ್ಯಾರೇಜಿನಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಅಚ್ಚಿನಲ್ಲಿ ಒಂದೇ ಪುಟದಲ್ಲಿ ಎರಡೂ ಬಂದರೆ ಆಗುತ್ತದೆ ಎಂಬ ಭಯ ನನಗಿದೆ, ಹಾಗಾಗಿ ನನ್ನ ಮತ ‘ಎಳೆಯುವುದು’ ಪದಕ್ಕೆ.

ಏರ್ ಬದಲು ‘ಗಾಳಿ’ ಎಂದೇ ಬರೆಯಬಾರದೇಕೆ ಎಂದು ಕರಡು ಬರೆದವರು ಕೇಳುತ್ತಾರೆ. ಬರೆಯಬಹುದು. ಆದರೆ ‘ಲಾರಿಗೆ ಗಾಳಿ ಹಿಡಿದಿದೆ, ಗಾಳಿ ಬಿಡಿಸಬೇಕು’ ಎಂದು ಬರೆದರೆ ಮೆಕ್ಯಾನಿಕ್ ಬದಲು ಮಂತ್ರವಾದಿಯನ್ನು ಕರೆಸಬೇಕಾದೀತು. ಏರ್ ತೆಗೆಯುವುದಕ್ಕೆ ಇಂಗ್ಲಿಷಿನಲ್ಲಿರುವ ‘ಬ್ಲೀಡಿಂಗ್’ ಎಂಬುದನ್ನು ನಿಘಂಟು ಹಿಡಿದು ಕನ್ನಡಿಸಿ ‘ರಕ್ತಸ್ರಾವ’ ಮಾಡುವುದಕ್ಕಿಂತ ಅದೇ ವಾಸಿ ಅನ್ನಿ.

ಹೆಸರುಗಳ ವಿಷಯದಲ್ಲಿ ನನಗೆ ಹಟವಿಲ್ಲ. ಡೀಸೆಲ್ ಪಂಪುಗಳನ್ನು ತಯಾರಿಸುತ್ತಿದ್ದ, ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ ಶುರುವಾದದ್ದು 1951ರಲ್ಲಿ, ಅದರ ಹೆಸರು ಬಾಷ್ ಎಂದಾದದ್ದು 2008ರಲ್ಲಿ. ಇಷ್ಟು ಕಾಲ ಡೀಸೆಲ್ ಪಂಪುಗಳೊಂದಿಗೆ ಬಾಳಿದ ಊರಿನಲ್ಲಿ ನಾಝಲ್, ಪ್ಲಂಜರ್, ವಾಶರ್ ಎಲ್ಲವೂ ಕನ್ನಡವೇ. ನನಗೆ ಬೇಕಾಗಿರುವುದು ಸರಿಯಾದ ಕ್ರಿಯಾಪದ.

ನಾನು ತಿದ್ದಿದ ಭಾಗ ಹೀಗಿದೆ, ಓದಿ ನೋಡಿ:

‘ರಾತ್ರಿ ನಿಲ್ಲಿಸಿದ ಲಾರಿ ಬೆಳಿಗ್ಗೆ ಸ್ಟಾರ್ಟ್ ಆದಂತೆ ಮಾಡಿ ಆರಿಹೋಗುತ್ತಿದ್ದರೆ, ಹ್ಯಾಂಡ್ ಪಂಪ್ ಒತ್ತಿದ ಮೇಲೆ ಸರಿಯಾಗಿ ಓಡಿದರೆ, ಪೈಪು ಏರ್ ಎಳೆಯುತ್ತಿರಬಹುದು. ಫೀಡ್ ಪಂಪಿಗೆ ಬರುವ ಪೈಪಿನ ನಡುವೆ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿ ಎಂಜಿನ್ ಓಡಿಸಿ. ಗುಳ್ಳೆಗಳು ಬಿಡದೆ ಹಾದುಹೋಗುತ್ತಿದ್ದರೆ ತೊಂದರೆ ಅದಕ್ಕಿಂತ ಹಿಂದೆ, ಟ್ಯಾಂಕಿನ ಕಡೆ ಇದೆ. ಅಲ್ಲಿ ಗುಳ್ಳೆಯಿಲ್ಲದೆ ಫೀಡ್ ಪಂಪು ದಾಟಿದ ಮೇಲೆ ಕಂಡರೆ ಹ್ಯಾಂಡ್ ಪಂಪಿನ ಸೀಲನ್ನು ಅನುಮಾನಿಸಿ. ಟ್ಯಾಂಕಿನ ಬದಲು ಬೇರೆ ಕ್ಯಾನಿನಿಂದ ಡೀಸೆಲ್ ಕೊಟ್ಟಾಗ ಎಂಜಿನ್ ಸರಿಯಾಗಿ ಓಡಿದರೆ ಪಂಪನ್ನು ಬಿಚ್ಚಬೇಡಿ.’

ಟ್ಯಾಂಕು ತುಂಬಿದ್ದಾಗ ಸುಮ್ಮನಿದ್ದು, ಡೀಸೆಲ್ ಅರ್ಧಕ್ಕಿಳಿದ ಮೇಲೆ ಕಾಡುವ ಲಾರಿಗಳೂ ಇವೆ. ಟ್ಯಾಂಕಿನೊಳಗಿನ ಹೀರುವ ಪೈಪು ಮೇಲ್ಭಾಗದಲ್ಲಿ ಸೀಳಿದ್ದರೆ ಹಾಗಾಗುತ್ತದೆ. ಡೀಸೆಲ್ ಮುಚ್ಚಿರುವವರೆಗೆ ಆ ಸೀಳಿನಿಂದ ಗಾಳಿ ಹೋಗಲಾರದು. ಕರಡಿನಲ್ಲಿ ಇದಕ್ಕೂ ‘ಸೋರಿಕೆ’ ಎಂದೇ ಇತ್ತು! ಟ್ಯಾಂಕಿನೊಳಗೇ ಇರುವ ಪೈಪು ಎಲ್ಲಿಗೆ ಸೋರಬೇಕು?

ಹುಬ್ಬಳ್ಳಿ, ಮಂಗಳೂರು ಕಡೆಯ ಲಾರಿ ಗ್ಯಾರೇಜುಗಳನ್ನು ಬಲ್ಲವರಿಗೆ ಎರಡು ಪ್ರಶ್ನೆ. ಅಲ್ಲಿಯೂ ಏರ್ ‘ಎಳೆಯುತ್ತದೆ’ಯೇ, ಬೇರೆ ಮಾತಿದೆಯೇ? ಪೈಪಿನ ಜೋಡಣೆಗಳಲ್ಲಿ ಬಳಸಿ ಗಟ್ಟಿಯಾದ ತಾಮ್ರದ ವಾಶರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆದು ಮಾಡುವ ಕೆಲಸಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ? ಕರಡಿನಲ್ಲಿ ಅದಕ್ಕೆ ‘ಹದಗೊಳಿಸುವುದು’ ಎಂದಿದೆ, ಸದ್ಯಕ್ಕೆ ಹಾಗೆಯೇ ಬಿಟ್ಟಿದ್ದೇನೆ.